ವಾಚ್ ಮೇಲಿನ ಹವಾಮಾನ: ಯಾವ ಅಂಕಿ ಯಾವ ಕೆಲಸಕ್ಕೆ?

ಸ್ಮಾರ್ಟ್‌ವಾಚ್‌ನ ಮುಖದ ಮೇಲೆ ಹವಾಮಾನಕ್ಕೆ ಸಿಗುವ ಜಾಗ ಎರಡು, ಹೆಚ್ಚೆಂದರೆ ಮೂರು ಪುಟ್ಟ ಚೌಕ. ಒಳಗಿನ ಆ್ಯಪ್ ತೆರೆದರೆ ಮಳೆ ಶೇಕಡಾ, ಮಿಲಿಮೀಟರ್, ಫೀಲ್ಸ್ ಲೈಕ್, ಹ್ಯೂಮಿಡಿಟಿ, ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗಲು ತೊಡಗುವ ಉಷ್ಣಾಂಶ), ವಿಂಡ್, ಗಸ್ಟ್ (ಗಾಳಿಯ ಕ್ಷಣಿಕ ರಭಸ), ಯುವಿ (ಬಿಸಿಲಿನ ನೇರಳಾತೀತ ಕಿರಣದ ಅಳತೆ), ಎಕ್ಯುಐ (ಗಾಳಿಯ ಗುಣಮಟ್ಟದ ಸೂಚ್ಯಂಕ), ಪ್ರೆಷರ್ ಎಂದು ಹತ್ತಾರು ಅಂಕಿ ಸಾಲುಗಟ್ಟಿರುತ್ತವೆ. ಇವುಗಳಲ್ಲಿ ಯಾವುದನ್ನು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು, ಯಾವುದನ್ನು ಬೇಕಾದಾಗ ಮಾತ್ರ ತೆರೆದು ನೋಡಿದರೆ ಸಾಕು ಎಂಬುದು ನೀವು ಎಲ್ಲಿದ್ದೀರಿ, ಯಾವ ತಿಂಗಳು, ಏನು ಕೆಲಸ ಎಂಬುದರ ಮೇಲೆ ನಿಲ್ಲುತ್ತದೆ.

ಹೆಚ್ಚಿನವರ ವಾಚ್‌ನಲ್ಲಿ ಕೊಂಡ ದಿನ ಇದ್ದದ್ದೇ ಉಳಿದಿರುತ್ತದೆ: ಒಂದು ಮೋಡದ ಚಿತ್ರ, ಪಕ್ಕದಲ್ಲಿ ಉಷ್ಣಾಂಶ. ನಮ್ಮ ಹವೆಗೆ ಈ ಜೋಡಿಯಷ್ಟು ಕಡಿಮೆ ಉಪಯೋಗದ್ದು ಬೇರೊಂದಿಲ್ಲ. ಬೆಂಗಳೂರಿನಲ್ಲಿ ಇವತ್ತು 28 ಡಿಗ್ರಿ ಇದ್ದರೆ ನಾಳೆ 29. ಅದನ್ನು ತಿಳಿದು ನೀವು ಬೇರೇನೂ ಮಾಡುವುದಿಲ್ಲ. ಚಿತ್ರವಂತೂ ಒಂದಿಡೀ ಗಂಟೆಯನ್ನೋ ದಿನವನ್ನೋ ಒಂದೇ ಗುರುತಿಗೆ ಇಳಿಸಿಬಿಡುತ್ತದೆ. ಎಷ್ಟೋ ವಾಚ್‌ಗಳಲ್ಲಿ 0.3 ಮಿ.ಮೀ. ತುಂತುರಿಗೂ ರಸ್ತೆ ಮುಳುಗಿಸುವ 40 ಮಿ.ಮೀ. ಮಳೆಗೂ ಅದೇ ಮೋಡ, ಅದೇ ಮೂರು ಹನಿ. ಚಿತ್ರವನ್ನು ತೆಗೆದು ಆ ಜಾಗಕ್ಕೆ ಅಂಕಿ ತರುವುದು ಮೊದಲ ಕೆಲಸ. ಯಾವ ಅಂಕಿ ಎಂಬುದು ಮುಂದಿನ ಮಾತು.

ಶೇಕಡಾ ನೋಡಬೇಕೋ, ಮಿಲಿಮೀಟರ್ ನೋಡಬೇಕೋ

ಮಳೆಯ ಬಗ್ಗೆ ವಾಚ್ ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಶೇಕಡಾ ಹೇಳುವುದು ಮಳೆ ಬಂದೀತೇ ಎಂಬುದನ್ನು. ಮಿಲಿಮೀಟರ್ ಹೇಳುವುದು ಎಷ್ಟು ಬಂದೀತು ಎಂಬುದನ್ನು. ಇವೆರಡನ್ನೂ ಕಲಸಿಕೊಳ್ಳುವುದರಿಂದಲೇ "ವಾಚ್ ಸುಳ್ಳು ಹೇಳಿತು" ಎಂಬ ದೂರು ಹುಟ್ಟುತ್ತದೆ.

ಶೇ. 40 ಎಂದರೆ ಊರಿನ ನೂರರಲ್ಲಿ ನಲವತ್ತು ಭಾಗಕ್ಕೆ ಮಳೆ ಎಂದಲ್ಲ. ದಿನದ ಶೇ. 40 ಹೊತ್ತು ಮಳೆ ಎಂದೂ ಅಲ್ಲ, ಸಾಧಾರಣ ಮಳೆ ಎಂದಂತೂ ಅಲ್ಲವೇ ಅಲ್ಲ. ಇಂಥದೇ ಹವೆಯ ಹತ್ತು ದಿನ ತೆಗೆದುಕೊಂಡರೆ ನೀವು ನಿಂತ ಜಾಗದಲ್ಲಿ ನಾಲ್ಕು ದಿನ ಅಳೆಯುವಷ್ಟು ಮಳೆ ಬೀಳುತ್ತದೆ, ಆರು ದಿನ ಬೀಳುವುದಿಲ್ಲ ಎಂದು ಅರ್ಥ. "ಅಳೆಯುವಷ್ಟು" ಎಂಬ ಗಡಿ ತುಂಬಾ ಚಿಕ್ಕದು. ಅಮೆರಿಕದ ಹವಾಮಾನ ಸೇವೆ ಇದನ್ನು ಒಂದು ಇಂಚಿನ ನೂರನೇ ಒಂದು ಭಾಗ, ಅಂದರೆ ಕಾಲು ಮಿಲಿಮೀಟರ್ ಎಂದು ಇಟ್ಟುಕೊಂಡಿದೆ. ಭಾರತೀಯ ಹವಾಮಾನ ಇಲಾಖೆ ಒಂದು ದಿನವನ್ನು ಮಳೆಯ ದಿನ ಎಂದು ಲೆಕ್ಕಕ್ಕೆ ಹಿಡಿಯಬೇಕಾದರೆ 2.5 ಮಿ.ಮೀ. ಬಿದ್ದಿರಬೇಕು. ಹಾಗಾಗಿ ಶೇ. 80 ತೋರಿಸಿ ಐದು ನಿಮಿಷ ಹನಿ ಉದುರಿ ನಿಂತರೆ ವಾಚ್‌ನ ಲೆಕ್ಕದಲ್ಲಿ ಅದು ಸರಿಯಾದ ಮುನ್ಸೂಚನೆಯೇ.

ಗಂಟೆಯ ಶೇಕಡಾ ಬೇರೆ, ದಿನದ ಶೇಕಡಾ ಬೇರೆ. ಸಂಜೆ 4ರಿಂದ 8ರವರೆಗೆ ಪ್ರತಿ ಗಂಟೆಗೂ ಶೇ. 30 ಇದೆ ಎನ್ನಿ. ಆ ನಾಲ್ಕು ಗಂಟೆಯಲ್ಲಿ ಒಮ್ಮೆಯಾದರೂ ಮಳೆ ಬರುವ ಸಾಧ್ಯತೆ ಶೇ. 30ಕ್ಕಿಂತ ಹೆಚ್ಚೇ ಇರುತ್ತದೆ. ಒಂದು ಗಂಟೆಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಎಂದುಕೊಂಡರೆ ಅದು ಶೇ. 76ರವರೆಗೆ ಹೋಗುತ್ತದೆ; ನಿಜದಲ್ಲಿ ಸಂಬಂಧ ಇರುವುದರಿಂದ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ದಿನದ ಪುಟದಲ್ಲಿ 65 ಕಂಡು, ಗಂಟೆಯ ಪುಟದಲ್ಲಿ ಎಲ್ಲೂ 30 ದಾಟದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಎರಡೂ ಸರಿ. ಮನೆಯಿಂದ ಹೊರಡುವ ಹೊತ್ತು ಗೊತ್ತಿದ್ದರೆ ಗಂಟೆಯದ್ದು ನೋಡಿ; ಇಡೀ ದಿನ ಹೊರಗಿದ್ದರೆ ದಿನದ್ದು.

ಇನ್ನು ಮಿಲಿಮೀಟರ್. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. 30×40 ಸೈಟಿನ ಮೇಲೆ 10 ಮಿ.ಮೀ. ಬಿದ್ದರೆ ಸುಮಾರು 1,100 ಲೀಟರ್. ತಾರಸಿಯ ಸಾವಿರ ಲೀಟರ್ ಟ್ಯಾಂಕ್ ತುಂಬಿ ಹೊರಚೆಲ್ಲುವಷ್ಟು. ಆದರೆ ಆ 10 ಮಿ.ಮೀ. ಎಷ್ಟು ಹೊತ್ತಿನಲ್ಲಿ ಬೀಳುತ್ತದೆ ಎಂಬುದು ಮೊತ್ತಕ್ಕಿಂತ ದೊಡ್ಡ ವಿಷಯ. ಗಂಟೆಗೆ 2.5 ಮಿ.ಮೀ. ಒಳಗಿದ್ದರೆ ಅದು ಹಗುರ ಮಳೆ, ಜಾಕೆಟ್‌ನಲ್ಲಿ ಸಾಗಬಹುದು. 2.5ರಿಂದ 7.6ರವರೆಗೆ ರೇನ್‌ಕೋಟ್ ಬೇಕೇ ಬೇಕು. ಅದಕ್ಕೂ ಮೇಲೆ ಜೋರು ಮಳೆ. 20, 30 ಎಂದು ತೋರಿಸಿದರೆ ನಗರದ ಅಂಡರ್‌ಪಾಸ್‌ಗಳ ದಾರಿ ಬಿಡುವುದು ಒಳ್ಳೆಯದು. ಒಂದೇ ಗಂಟೆಯಲ್ಲಿ 100 ಮಿ.ಮೀ. ಸುಮಾರು 20ರಿಂದ 30 ಚದರ ಕಿ.ಮೀ. ಜಾಗದ ಮೇಲೆ ಸುರಿದರೆ ಇಲಾಖೆ ಅದನ್ನು ಮೇಘಸ್ಫೋಟ ಎನ್ನುತ್ತದೆ.

ದಿನದ ಲೆಕ್ಕಕ್ಕೆ ಇಲಾಖೆಯ ಗಡಿಗಳು ಬೇರೆಯೇ ಇವೆ. 2.5ರಿಂದ 15.5 ಮಿ.ಮೀ. ಹಗುರ. 15.6ರಿಂದ 64.4 ಸಾಧಾರಣ. 64.5ರಿಂದ 115.5 ಭಾರಿ. 115.6ರಿಂದ 204.4 ಅತಿ ಭಾರಿ. ಅದನ್ನೂ ದಾಟಿದರೆ ಅತ್ಯಂತ ಭಾರಿ. ಸುದ್ದಿಯಲ್ಲಿ "ಸಾಧಾರಣ ಮಳೆ" ಎಂದು ಕೇಳಿ ಹಗುರವಾಗಿ ತೆಗೆದುಕೊಳ್ಳಬೇಡಿ, 60 ಮಿ.ಮೀ. ಕೂಡ ಆ ಪಟ್ಟಿಯೊಳಗೇ ಬರುತ್ತದೆ. ಇನ್ನೊಂದು ವ್ಯತ್ಯಾಸ ಗಮನಿಸಿ: ವಾಚ್‌ನ ದಿನ ನಡುರಾತ್ರಿಯಿಂದ ನಡುರಾತ್ರಿಗೆ, ಇಲಾಖೆಯ ಮಳೆದಿನ ಬೆಳಿಗ್ಗೆ 8.30ರಿಂದ ಮರುದಿನ 8.30ಕ್ಕೆ. ಭಾನುವಾರ ರಾತ್ರಿ ಸುರಿದ ಮಳೆ ಸೋಮವಾರದ ವರದಿಯಲ್ಲಿ ಬರುವುದು ಇದೇ ಕಾರಣಕ್ಕೆ.

ಹಾಗಾದರೆ ಮುಖದ ಮೇಲೆ ಯಾವುದು? ನಮ್ಮ ಅಭಿಪ್ರಾಯ ಇಷ್ಟು: ಇದು ಊರು ಮತ್ತು ಋತುವಿಗೆ ತಕ್ಕಂತೆ ಬದಲಾಗಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಉಡುಪಿ, ಮಂಗಳೂರು, ಕಾರವಾರ, ಆಗುಂಬೆ, ಮಡಿಕೇರಿಯಲ್ಲಿ ಶೇಕಡಾ ಇಟ್ಟುಕೊಂಡು ಪ್ರಯೋಜನವಿಲ್ಲ. ಅದು ದಿನಾ 90ರ ಆಸುಪಾಸಿನಲ್ಲೇ ನಿಂತಿರುತ್ತದೆ. ಅಲ್ಲಿ ದಿನಕ್ಕೂ ದಿನಕ್ಕೂ ವ್ಯತ್ಯಾಸ ತೋರಿಸುವುದು ಮಿಲಿಮೀಟರ್ ಮಾತ್ರ. ಇವತ್ತು 12, ನಾಳೆ 95 ಎಂದಿದ್ದರೆ ಘಾಟಿ ಪ್ರಯಾಣ ಇವತ್ತೇ ಮುಗಿಸುವುದು ಜಾಣತನ.

ಏಪ್ರಿಲ್, ಮೇ ತಿಂಗಳ ಬೆಂಗಳೂರು, ಮೈಸೂರು, ತುಮಕೂರು, ಹಾಸನದಲ್ಲಿ ಮಾತು ತಿರುವುಮುರುವು. ಇಲ್ಲಿ ಮಿಲಿಮೀಟರ್ ದಾರಿ ತಪ್ಪಿಸುತ್ತದೆ, ಶೇಕಡಾ ಸ್ವಲ್ಪ ಆಸರೆ. ಗುಡುಗು ಮಳೆ ಜಯನಗರದಲ್ಲಿ ಸುರಿದು ಯಲಹಂಕದಲ್ಲಿ ಧೂಳೂ ಅಡಗದಂತೆ ಹೋಗಬಹುದು. ಮುನ್ಸೂಚನೆಯ ಲೆಕ್ಕ ಅಂಥ ಮಳೆಯನ್ನು ನಕ್ಷೆಯ ಕೆಲವು ಕಿ.ಮೀ. ಅಗಲದ ಒಂದಿಡೀ ಚೌಕಕ್ಕೆ ಹರಡಿ, ಸರಾಸರಿ ಮಾಡಿ, "1.2 ಮಿ.ಮೀ." ಎಂದು ತೋರಿಸುತ್ತದೆ. ಆ 1.2 ಯಾರ ತಲೆಯ ಮೇಲೂ ಬೀಳುವುದಿಲ್ಲ: ಮಳೆ ಸಿಕ್ಕವರಿಗೆ 25 ಸಿಗುತ್ತದೆ, ಸಿಗದವರಿಗೆ ಸೊನ್ನೆ.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಲಬುರಗಿ, ವಿಜಯಪುರ, ರಾಯಚೂರಿನಲ್ಲಿ ಎರಡೂ ಅಂಕಿ ಸೊನ್ನೆಯ ಹತ್ತಿರ ಮಲಗಿರುತ್ತವೆ. ಆ ತಿಂಗಳುಗಳಲ್ಲಿ ಮಳೆಯ ಚೌಕ ತೆಗೆದು ಗಾಳಿಯದ್ದೋ ಎಕ್ಯುಐಯದ್ದೋ ಹಾಕಿಕೊಳ್ಳಿ.

ಬೇಸಿಗೆ ಸಂಜೆಯ ಗುಡುಗು ಮಳೆ

ಏಪ್ರಿಲ್‌ನ ಒಂದು ಮಧ್ಯಾಹ್ನ 3 ಗಂಟೆ, ಬೆಂಗಳೂರು. ವಾಚ್‌ನಲ್ಲಿ ಹೀಗಿದೆ ಎನ್ನಿ: ಉಷ್ಣಾಂಶ 35, 5 ಗಂಟೆಗೆ ಮಳೆ ಶೇ. 40, ಪ್ರಮಾಣ 1.2 ಮಿ.ಮೀ., ಗಾಳಿ 11, ಗಸ್ಟ್ 42, ಡ್ಯೂ ಪಾಯಿಂಟ್ 19. ಹೆಚ್ಚಿನವರು ಮೊದಲ ಮೂರು ಅಂಕಿ ನೋಡಿ "ಬಂದರೆ ನಾಲ್ಕು ಹನಿ" ಎಂದು ಬೈಕ್ ಹತ್ತುತ್ತಾರೆ. ಇಲ್ಲಿ ಮಾತಾಡುತ್ತಿರುವುದು ಕೊನೆಯ ಎರಡು. ಗಾಳಿ 11 ಇರುವಾಗ ಗಸ್ಟ್ 42 ಎಂದರೆ ಗುಡುಗು ಮೋಡದಿಂದ ಕೆಳಕ್ಕೆ ನುಗ್ಗುವ ತಂಪು ಗಾಳಿಯನ್ನು ಲೆಕ್ಕ ನಿರೀಕ್ಷಿಸುತ್ತಿದೆ. ಮರದ ಕೊಂಬೆ ಬೀಳುವುದು, ಫ್ಲೆಕ್ಸ್ ಹಾರಿ ರಸ್ತೆಗೆ ಬರುವುದು ಆ ಗಾಳಿಗೆ. ಡ್ಯೂ ಪಾಯಿಂಟ್ ಹಿಂದಿನ ದಿನ 13 ಇದ್ದು ಇವತ್ತು 19ಕ್ಕೆ ಏರಿದ್ದರೆ ಮೋಡಕ್ಕೆ ಬೇಕಾದ ತೇವ ಬಂದು ಸೇರಿದೆ ಎಂದರ್ಥ.

ಇಂಥ ದಿನ ವಾಚ್‌ನ ಅಂಕಿಯನ್ನು ಎಚ್ಚರಿಕೆಯ ಗಂಟೆಯಾಗಿ ಮಾತ್ರ ಬಳಸಿ, ತೀರ್ಮಾನಕ್ಕೆ ರಾಡಾರ್ ನೋಡಿ. ಹವಾಮಾನ ಇಲಾಖೆಯ ಜಾಲತಾಣದಲ್ಲೂ ಮೌಸಮ್ ಆ್ಯಪ್‌ನಲ್ಲೂ ಡಾಪ್ಲರ್ ರಾಡಾರ್ ಚಿತ್ರ ಸಿಗುತ್ತದೆ. ಎರಡು ಚಿತ್ರಗಳ ನಡುವೆ ಮಳೆಯ ಗುಂಪು ಯಾವ ಕಡೆ ಸರಿದಿದೆ ಎಂದು ನೋಡಿದರೆ ಮುಂದಿನ ಅರ್ಧ ಗಂಟೆಯ ಅಂದಾಜು ಸಿಗುತ್ತದೆ. ಇಲಾಖೆ ಮುಂದಿನ ಮೂರು ಗಂಟೆಗೆಂದು ಕೊಡುವ ನೌಕಾಸ್ಟ್ ಎಚ್ಚರಿಕೆ ಕೂಡ ಇಂಥ ಸಂಜೆಗಳಿಗಾಗಿಯೇ ಇರುವುದು. ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ (ಐಐಟಿಎಂ) ರೂಪಿಸಿದ ದಾಮಿನಿ ಆ್ಯಪ್ ಇದೆ. ನೀವಿರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ಒಳಗಿನ ಮಿಂಚನ್ನು ತೋರಿಸುತ್ತದೆ. ಇದರ ಸೂಚನೆ ಫೋನ್‌ನಿಂದ ವಾಚ್‌ಗೆ ಬರುವಂತೆ ನೋಟಿಫಿಕೇಷನ್ ತೆರೆದಿಡಿ. ಹೊಲದಲ್ಲೋ ಮೈದಾನದಲ್ಲೋ ಇದ್ದಾಗ ಗುಡುಗು ಕಿವಿಗೆ ಬಿತ್ತೆಂದರೆ ವಾಚ್ ಏನೇ ಹೇಳಲಿ, ಗಟ್ಟಿ ಸೂರಿನ ಕೆಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬಾರದು.

ಅಲರ್ಟ್: ಬಣ್ಣಗಳು ಮತ್ತು "ಒಂದೆರಡು ಕಡೆ"

ಕೆಲವು ವಾಚ್‌ಗಳು ಅಧಿಕೃತ ಎಚ್ಚರಿಕೆಯನ್ನೂ ತೋರಿಸುತ್ತವೆ. ಹಳದಿ ಎಂದರೆ ಗಮನವಿಟ್ಟಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಬಣ್ಣ ಇಡೀ ಜಿಲ್ಲೆಗೆ ಒಂದೇ, ಮಳೆ ಹಾಗಲ್ಲ. ಉತ್ತರ ಕನ್ನಡಕ್ಕೆ ಕೆಂಪು ಕೊಟ್ಟ ದಿನ ಭಟ್ಕಳಕ್ಕೂ ಮುಂಡಗೋಡಿಗೂ ಒಂದೇ ಮಳೆ ಬೀಳುವುದಿಲ್ಲ. ಅಲರ್ಟ್‌ನ ಜೊತೆಗಿನ ಮಾತನ್ನು ಓದಿ. ಒಂದೆರಡು ಕಡೆ ಎಂದಿದ್ದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ. ಕೆಲವು ಕಡೆ ಎಂದರೆ ಅರ್ಧದವರೆಗೆ. ಹಲವು ಕಡೆ ಎಂದರೆ ಮುಕ್ಕಾಲಿನವರೆಗೆ. ಹೆಚ್ಚಿನ ಎಲ್ಲ ಕಡೆ ಎಂದರೆ ಅದಕ್ಕೂ ಮೇಲೆ. "ಒಂದೆರಡು ಕಡೆ ಅತಿ ಭಾರಿ ಮಳೆ" ಎಂಬ ಕಿತ್ತಳೆ ಅಲರ್ಟ್ ಬಂದು ನಿಮ್ಮ ಊರಿನಲ್ಲಿ ಬಿಸಿಲಿದ್ದರೆ ಎಚ್ಚರಿಕೆ ತಪ್ಪಿತೆಂದಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇಲ್ಲಿ ಒಂದು ಗೊಂದಲ ಕಾದಿದೆ. ಅಲ್ಲಿ ಟಾರ್ನಾಡೊ ವಾಚ್ ಎಂದರೆ ಸುಂಟರಗಾಳಿ ಏಳಲು ಬೇಕಾದ ಹವೆ ಇದೆ ಎಂದು, ವಾರ್ನಿಂಗ್ ಎಂದರೆ ಈಗಾಗಲೇ ಎದ್ದಿದೆ ಅಥವಾ ರಾಡಾರ್‌ನಲ್ಲಿ ಕಂಡಿದೆ ಎಂದು. ಎರಡನೆಯದು ಕೈಮೇಲೆ ಕಂಪಿಸಿದರೆ ಕಿಟಕಿಯಲ್ಲಿ ಇಣುಕುವ ಹೊತ್ತಲ್ಲ ಅದು.

ಉಷ್ಣಾಂಶವೋ ಫೀಲ್ಸ್ ಲೈಕೋ

ಉಷ್ಣಾಂಶ ಎಂದು ತೋರುವುದು ನೆರಳಿನಲ್ಲಿ, ನೆಲದಿಂದ ಆಳೆತ್ತರದ ಆಸುಪಾಸಿನಲ್ಲಿರುವ ಗಾಳಿಯದು. ಫೀಲ್ಸ್ ಲೈಕ್ ಎಂಬುದು ಅದಕ್ಕೆ ತೇವ, ಗಾಳಿ ಸೇರಿಸಿ ಮೈಗೆ ಹೇಗೆ ತಾಗುತ್ತದೆ ಎಂದು ಹಾಕಿದ ಲೆಕ್ಕ. ಅಮೆರಿಕದ ಹೀಟ್ ಇಂಡೆಕ್ಸ್ ಸೂತ್ರದ ಪ್ರಕಾರ 32 ಡಿಗ್ರಿ, ಶೇ. 40 ತೇವ ಇದ್ದರೆ ಫೀಲ್ಸ್ ಲೈಕ್ 33ರ ಹತ್ತಿರ. ಅದೇ 32 ಡಿಗ್ರಿಗೆ ತೇವ ಶೇ. 70 ಆದರೆ 40. ಮಂಗಳೂರಿನ ಸೆಕೆ ಉಷ್ಣಾಂಶದಲ್ಲಿ ಕಾಣದೆ ಇಲ್ಲಿ ಕಾಣುತ್ತದೆ.

ಕರಾವಳಿಯವರಿಗೆ, ದುಬೈ, ಮಸ್ಕತ್‌ನಲ್ಲಿ ಹೊರಗೆ ದುಡಿಯುವವರಿಗೆ ಫೀಲ್ಸ್ ಲೈಕ್ ಸರಿ. ಬಯಲುಸೀಮೆಯ ಬೇಸಿಗೆಯಲ್ಲಿ ಮಾತ್ರ ಇದನ್ನು ನಂಬಬೇಡಿ. ರಾಯಚೂರಿನಲ್ಲಿ 38 ಡಿಗ್ರಿ, ತೇವ ಶೇ. 20 ಇದ್ದರೆ ಇದೇ ಸೂತ್ರ 37 ಎನ್ನುತ್ತದೆ, ಅಂದರೆ ನಿಜಕ್ಕಿಂತ ಕಡಿಮೆ. ಒಣ ಹವೆಯಲ್ಲಿ ಬೆವರು ಬೇಗ ಆರುತ್ತದೆ ಎಂಬ ಲೆಕ್ಕ ಅದು. ಬೆವರು ಕಾಣದಿರುವುದರಿಂದಲೇ ಮೈಯ ನೀರು ಎಷ್ಟು ಹೋಯಿತೆಂದು ತಿಳಿಯುವುದಿಲ್ಲ. ಹೊಲದಲ್ಲಿ ನಿಂತವರು ಕುಸಿಯುವುದು ಹೀಗೇ. ಮೇಲಾಗಿ ಸೂತ್ರ ನೆರಳಿನದು. ನೇರ ಬಿಸಿಲಿಗೆ ಇನ್ನೂ 8 ಡಿಗ್ರಿಯವರೆಗೆ ಕೂಡಿಕೊಳ್ಳಬೇಕು. ಆ ಸೀಮೆಯಲ್ಲಿ ಉಷ್ಣಾಂಶವನ್ನೇ ಇಟ್ಟುಕೊಂಡು 40ರ ಮೇಲೆ ಕಣ್ಣಿಡಿ: ಬಯಲಿನಲ್ಲಿ ಗರಿಷ್ಠ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಕರಾವಳಿಗೆ ಈ ಗಡಿ 37.

ಒಂದೊಂದು ಕಂಪನಿಯ ಸೂತ್ರ ಒಂದೊಂದು. ಕೆಲವರು ಬಿಸಿಲನ್ನೂ ಸೇರಿಸುತ್ತಾರೆ, ಕೆಲವರು ಇಲ್ಲ. ಎರಡು ವಾಚ್‌ಗಳ ಫೀಲ್ಸ್ ಲೈಕ್ ಹೋಲಿಸುವುದರಲ್ಲಿ ಹುರುಳಿಲ್ಲ. ನಿಮ್ಮದೇ ವಾಚ್‌ನ ನಿನ್ನೆಯ ಅಂಕಿಗೆ ಇವತ್ತಿನದನ್ನು ಹೋಲಿಸಿ.

ಚಳಿ ದೇಶದಲ್ಲಿ ಇದೇ ಚೌಕ ವಿಂಡ್ ಚಿಲ್, ಅಂದರೆ ಗಾಳಿ ಸೇರಿ ಮೈಗೆ ತಾಗುವ ಚಳಿಯ ಅಂಕಿ ಆಗುತ್ತದೆ. 10 ಡಿಗ್ರಿಗಿಂತ ಕೆಳಗಿನ ಹವೆಗೆ ಮಾತ್ರ ಆ ಸೂತ್ರ. ಟೊರಾಂಟೊದಲ್ಲಿ ಮೈನಸ್ 10 ಇದ್ದು ಗಾಳಿ 30 ಕಿ.ಮೀ. ಬೀಸಿದರೆ ತೋರುವುದು ಮೈನಸ್ 20. ಮಗುವಿಗೆ ಎಷ್ಟು ಪದರ ಬಟ್ಟೆ ತೊಡಿಸಬೇಕು ಎಂಬುದಕ್ಕೆ ಈ ಎರಡನೆಯ ಅಂಕಿ, ರಸ್ತೆಯಲ್ಲಿ ನೀರು ಹೆಪ್ಪುಗಟ್ಟೀತೇ ಎಂಬುದಕ್ಕೆ ಮೊದಲನೆಯದು. ಹೊರಗೆ 2 ಡಿಗ್ರಿ ಇದ್ದು ವಿಂಡ್ ಚಿಲ್ ಮೈನಸ್ 4 ಎಂದರೂ ಪೈಪಿನ ನೀರು ಹೆಪ್ಪುಗಟ್ಟುವುದಿಲ್ಲ.

ಹ್ಯೂಮಿಡಿಟಿ ಬಿಡಿ, ಡ್ಯೂ ಪಾಯಿಂಟ್ ಹಿಡಿಯಿರಿ

ಹ್ಯೂಮಿಡಿಟಿ ಶೇಕಡಾ ಉಷ್ಣಾಂಶ ಏರಿದಂತೆ ಇಳಿಯುತ್ತದೆ, ಇಳಿದಂತೆ ಏರುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಬೆಳಗಿನ ಜಾವ 95, ಮಧ್ಯಾಹ್ನ 50. ಬೆಂಗಳೂರಿನ ನಸುಕಿನಲ್ಲಿ 18 ಡಿಗ್ರಿ, ಶೇ. 95 ಇದ್ದಾಗ ಡ್ಯೂ ಪಾಯಿಂಟ್ 17; ಓಡುವವರಿಗೆ ಅಡ್ಡಿಯಿಲ್ಲ. ಮಂಗಳೂರಿನ ಸಂಜೆ 31 ಡಿಗ್ರಿ, ಶೇ. 75 ಇದ್ದಾಗ ಡ್ಯೂ ಪಾಯಿಂಟ್ 26. ಬೆವರು ಆರುವುದೇ ಇಲ್ಲ. ಶೇಕಡಾ ನೋಡಿದವರು ಬೆಂಗಳೂರೇ ಹೆಚ್ಚು ಅಂಟಂಟು ಎಂದುಕೊಳ್ಳುತ್ತಾರೆ.

ಡ್ಯೂ ಪಾಯಿಂಟ್ 16ಕ್ಕಿಂತ ಕೆಳಗೆ ಹಿತ, 18ರಿಂದ 21 ಅಂಟಂಟು, 24 ದಾಟಿದರೆ ಓಟದ ವೇಗ ಇಳಿಸಿ, ನೀರು ಹೆಚ್ಚಿಸಿ. ಅಂಗಳದಲ್ಲಿ ಅಡಿಕೆ, ಕಾಫಿ ಹರವಿದವರಿಗೂ ಇದೇ ಅಂಕಿ ಬೇಕು. ರಾತ್ರಿಯ ಕನಿಷ್ಠ ಉಷ್ಣಾಂಶ ಡ್ಯೂ ಪಾಯಿಂಟ್‌ನ ಹತ್ತಿರಕ್ಕೆ ಇಳಿಯುತ್ತದೆ ಎಂದಿದ್ದು, ಆಕಾಶ ತಿಳಿಯಾಗಿದ್ದರೆ ಇಬ್ಬನಿ ಖಚಿತ. ಸಂಜೆಯೇ ರಾಶಿ ಮಾಡಿ ಟಾರ್ಪಾಲು ಹೊದಿಸಿ. ಡ್ಯೂ ಪಾಯಿಂಟ್ ತೋರಿಸದ ವಾಚ್‌ಗಳೂ ಇವೆ; ಆಗ ಫೋನ್‌ನ ಆ್ಯಪ್ ನೋಡಬೇಕಾಗುತ್ತದೆ.

ಗಾಳಿ: ಸರಾಸರಿಯೋ ರಭಸವೋ

ವಿಂಡ್ ಎಂಬುದು ಕೆಲವು ನಿಮಿಷಗಳ ಸರಾಸರಿ, ನೆಲದಿಂದ 10 ಮೀಟರ್ ಮೇಲಿನದು. ಗಸ್ಟ್ ಎಂಬುದು ಕೆಲವೇ ಸೆಕೆಂಡಿನ ರಭಸ. ಬೈಕ್ ಓಡಿಸುವವರಿಗೆ, ಪೆಂಡಾಲ್ ಹಾಕುವವರಿಗೆ, ದೋಣಿಯವರಿಗೆ, ಏಣಿ ಹತ್ತುವವರಿಗೆ ಬೇಕಾದದ್ದು ಗಸ್ಟ್. ಔಷಧಿ ಸಿಂಪಡಿಸುವವರಿಗೆ, ಸೈಕಲ್ ತುಳಿಯುವವರಿಗೆ ವಿಂಡ್.

ಘಟಕವನ್ನು ಮೊದಲು ನೋಡಿಕೊಳ್ಳಿ. ಸೆಕೆಂಡಿಗೆ ಮೀಟರ್ ಎಂದಿದ್ದರೆ 3.6ರಿಂದ ಗುಣಿಸಿ; 10 ಎಂದು ಕಂಡದ್ದು 36 ಕಿ.ಮೀ. ನಾಟ್ ಎಂದಿದ್ದರೆ 1.85ರಿಂದ. ಕೆಲವು ವಾಚ್‌ಗಳು ಬರೀ "ಲೆವೆಲ್ 4" ಎಂದು ತೋರಿಸುತ್ತವೆ. ಅದು ಬೋಫೋರ್ಟ್ ಅಳತೆ: 3 ಎಂದರೆ 12ರಿಂದ 19 ಕಿ.ಮೀ., 4 ಎಂದರೆ 20ರಿಂದ 28, 6 ಎಂದರೆ 39ರಿಂದ 49, 7 ಎಂದರೆ 50ರಿಂದ 61. "ಬರೀ ಆರು" ಎಂದು ಕೊಡೆ ಬಿಚ್ಚಿದರೆ ಕಡ್ಡಿಗಳು ಉಳಿಯುವುದಿಲ್ಲ. ದಿಕ್ಕಿನ ವಿಷಯದಲ್ಲೂ ಎಚ್ಚರ: ನೈಋತ್ಯ ಎಂದು ಬರೆದಿದ್ದರೆ ಗಾಳಿ ನೈಋತ್ಯದಿಂದ ಬರುತ್ತಿದೆ ಎಂದರ್ಥ, ಆದರೆ ಪಕ್ಕದ ಬಾಣ ಎಷ್ಟೋ ಆ್ಯಪ್‌ಗಳಲ್ಲಿ ಗಾಳಿ ಹೋಗುವ ಕಡೆ ತೋರಿಸುತ್ತದೆ. ಮುಂಗಾರಿನ ದಿನ ಕರಾವಳಿಯಲ್ಲಿ ನಿಂತು ಒಮ್ಮೆ ತಾಳೆ ನೋಡಿದರೆ ನಿಮ್ಮ ವಾಚ್‌ನ ರೂಢಿ ಯಾವುದೆಂದು ತಿಳಿಯುತ್ತದೆ.

ಯುವಿ ಮತ್ತು ಎಕ್ಯುಐ

ಯುವಿ ಸುಲಭ. 2ರವರೆಗೆ ಚಿಂತೆಯಿಲ್ಲ, 3ರಿಂದ ಟೋಪಿ, ತುಂಬುತೋಳು, ಸನ್‌ಸ್ಕ್ರೀನ್. 8 ಮುಟ್ಟಿದರೆ ತೀವ್ರ, 11 ಮತ್ತು ಅದರ ಮೇಲೆ ಅತಿ ತೀವ್ರ. ಬೇಸಿಗೆಯಲ್ಲಿ ನಮ್ಮಲ್ಲಿ ನಡುಹಗಲು 11 ಮುಟ್ಟುವುದು ಸಾಮಾನ್ಯ. ಯುವಿಗೂ ಉಷ್ಣಾಂಶಕ್ಕೂ ನಂಟಿಲ್ಲ: ಬಿಸಿಲು ಮಧ್ಯಾಹ್ನ 3ಕ್ಕೆ ಹೆಚ್ಚು ಸುಡುತ್ತದೆ ಎನಿಸಿದರೂ ಯುವಿ ಏರುತುದಿ 12.30ರ ಆಸುಪಾಸು. ಎತ್ತರ ಹೆಚ್ಚಿದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಮುಳ್ಳಯ್ಯನಗಿರಿಯ ತಂಪಿನಲ್ಲಿ ಮುಖ ಸುಟ್ಟುಕೊಂಡು ಬರುವುದು ಇದರಿಂದಲೇ.

ಎಕ್ಯುಐ ಅಷ್ಟು ಸುಲಭವಲ್ಲ, ಏಕೆಂದರೆ ಎರಡು ಅಳತೆಗೋಲುಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಪಿಎಂ 2.5 ಎಂಬ ಅತಿ ಸೂಕ್ಷ್ಮ ಧೂಳು ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ನಮ್ಮ ದೇಶದ ಅಳತೆಯಲ್ಲಿ ಎಕ್ಯುಐ 100, ಅಂದರೆ ತೃಪ್ತಿಕರ ವರ್ಗದ ಅಂಚು. ಅದೇ ಗಾಳಿ ಅಮೆರಿಕದ ಅಳತೆಯಲ್ಲಿ 150 ದಾಟಿ ಎಲ್ಲರಿಗೂ ಹಾನಿಕರ ಎಂಬ ಕೆಂಪು ವರ್ಗಕ್ಕೆ ಬೀಳುತ್ತದೆ. ವಾಚ್ ಒಂದು ಅಳತೆ, ಫೋನ್ ಇನ್ನೊಂದು ಬಳಸಿದರೆ ಗೊಂದಲ ತಪ್ಪದು. ಆ್ಯಪ್‌ನ ಎಕ್ಯುಐ ಪುಟದಲ್ಲಿ ಯಾವ ದೇಶದ ಅಳತೆ ಎಂದು ಬರೆದಿರುತ್ತದೆ, ನೋಡಿಕೊಳ್ಳಿ. ಉಬ್ಬಸ ಇರುವವರು, ವಯಸ್ಸಾದವರು ಕಟ್ಟುನಿಟ್ಟಾದ ಅಮೆರಿಕದ ಅಳತೆ ಹಿಡಿಯುವುದು ವಾಸಿ ಎಂಬುದು ನಮ್ಮ ಸಲಹೆ. ನಮ್ಮ ಅಳತೆ ಧೂಳಿಗೆ 24 ಗಂಟೆಯ ಸರಾಸರಿ ಹಿಡಿಯುತ್ತದೆ. ದೀಪಾವಳಿ ರಾತ್ರಿಯ ಹೊಗೆ ಅಂಕಿಯಲ್ಲಿ ಪೂರ್ತಿ ಏರುವ ಹೊತ್ತಿಗೆ ಬೆಳಗಾಗಿರುತ್ತದೆ.

ವಾಚ್‌ನದೇ ಸೆನ್ಸರೋ, ಮುನ್ಸೂಚನೆಯೋ

ಚಾರಣಿಗರ ವಾಚ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ಇರುತ್ತದೆ, ಒತ್ತಡ ಥಟ್ಟನೆ ಕುಸಿದರೆ ಸ್ಟಾರ್ಮ್ ಅಲರ್ಟ್ ಕೂಗುತ್ತದೆ. ಈ ಸೌಲಭ್ಯ ನಮ್ಮ ಅಕ್ಷಾಂಶಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆರಡು ಸಲ ತಾನಾಗಿ ಏರಿಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ 10ರ ಹೊತ್ತಿಗೆ ಏರು, ನಸುಕು ಮತ್ತು ಸಂಜೆ 4ರ ಹೊತ್ತಿಗೆ ಇಳಿ, ಅಂತರ ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್ (ಒತ್ತಡದ ಅಳತೆ). ತಿಳಿ ಆಕಾಶದ ದಿನವೂ ಗ್ರಾಫ್ ಸಂಜೆ ಜಾರುತ್ತದೆ. ಇವತ್ತಿನ 4 ಗಂಟೆಯನ್ನು ನಿನ್ನೆಯ 4 ಗಂಟೆಗೆ ಹೋಲಿಸಿದರೆ ಮಾತ್ರ ಅರ್ಥ ಸಿಗುತ್ತದೆ. ಎರಡು ದಿನ ಸತತವಾಗಿ ಅದೇ ಹೊತ್ತಿನ ಅಂಕಿ ಇಳಿಯುತ್ತಿದ್ದರೆ ಸಮುದ್ರದಲ್ಲಿ ವಾಯುಭಾರ ಕುಸಿತ ಹತ್ತಿರ ಬರುತ್ತಿರಬಹುದು.

ಎತ್ತರವೂ ಕೈಕೊಡುತ್ತದೆ. ಸುಮಾರು 9 ಮೀಟರ್ ಹತ್ತಿದರೆ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಘಾಟಿಯಲ್ಲಿ 500 ಮೀಟರ್ ಏರುವ ಬಸ್ಸಿನಲ್ಲಿ ಕೂತರೆ 55 ಹೆಕ್ಟೊಪ್ಯಾಸ್ಕಲ್ ಮಾಯ, ಮಹಾ ಚಂಡಮಾರುತ ಬಂದಂತೆ. ಪ್ರಯಾಣದಲ್ಲಿ ಸೆನ್ಸರನ್ನು ಎತ್ತರ ತೋರಿಸುವ ಆಲ್ಟಿಮೀಟರ್ ಮೋಡ್‌ಗೆ, ಟೆಂಟ್ ಹಾಕಿ ಒಂದೆಡೆ ನಿಂತಾಗ ಬ್ಯಾರೊಮೀಟರ್ ಮೋಡ್‌ಗೆ ಹಾಕಿ. ಬೆಂಗಳೂರಿನಲ್ಲಿ ಒತ್ತಡ 910 ಎಂದೂ ಫೋನ್‌ನಲ್ಲಿ 1012 ಎಂದೂ ಕಂಡರೆ ಸೆನ್ಸರ್ ಕೆಟ್ಟಿಲ್ಲ. ಮೊದಲನೆಯದು ನಿಂತ ಎತ್ತರದ್ದು, ಎರಡನೆಯದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು. ಕೈಯಲ್ಲಿ ಕಟ್ಟಿದ ವಾಚ್ ಅಳೆಯುವ ಉಷ್ಣಾಂಶದಲ್ಲಿ ಮೈಯ ಶಾಖ ಬೆರೆತಿರುತ್ತದೆ. ಬಿಚ್ಚಿ ನೆರಳಿನಲ್ಲಿ 20ರಿಂದ 30 ನಿಮಿಷ ಇಟ್ಟ ಮೇಲಷ್ಟೇ ಓದಿ.

ಯಾರಿಗೆ ಯಾವ ಜೋಡಿ

ಬೈಕ್‌ನಲ್ಲಿ ಡೆಲಿವರಿ ಮಾಡುವವರು, ಆಫೀಸಿಗೆ ಓಡಾಡುವವರು: ಗಂಟೆಯ ಮಳೆ ಶೇಕಡಾ ಮತ್ತು ಗಸ್ಟ್. ಮುಂಜಾನೆ ಓಡುವವರು: ಡ್ಯೂ ಪಾಯಿಂಟ್ ಮತ್ತು ಎಕ್ಯುಐ. ತಾರಸಿಯಲ್ಲಿ ಹಪ್ಪಳ, ಸಂಡಿಗೆ ಹಾಕುವವರಿಗೆ ಕ್ಲೌಡ್ ಕವರ್ ಶೇಕಡಾ ಮತ್ತು ಮಳೆಯ ಶೇಕಡಾ. ಮೋಡ 70 ದಾಟಿದ ದಿನ ಹಿಟ್ಟು ಕಲಸದಿರುವುದೇ ಮೇಲು.

ತೋಟದವರಿಗೆ ಗಂಟೆಯ ಮಿಲಿಮೀಟರ್ ಮತ್ತು ವಿಂಡ್. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನು, ಅಂದರೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು, ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40ರಿಂದ 45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಮೊದಲನೆಯದಕ್ಕೆ ದಿನ ಹುಡುಕುವುದು ಕಷ್ಟವಲ್ಲ. ಎರಡನೆಯದು ಜುಲೈನ ಜಡಿಮಳೆಯ ನಡುವೆ ಬೀಳುತ್ತದೆ. ಆಗ ದಿನದ ಪುಟ ನೋಡಿ ಕೈಚೆಲ್ಲಬೇಡಿ, ಗಂಟೆಯ ಪುಟದಲ್ಲಿ ಹೊಳವು ಹುಡುಕಿ. ಸತತ ನಾಲ್ಕೈದು ಗಂಟೆ ಮಿಲಿಮೀಟರ್ ಸೊನ್ನೆ ಇದ್ದು, ಗಾಳಿ 15 ಕಿ.ಮೀ. ಒಳಗಿದ್ದರೆ ದ್ರಾವಣ ಗೊನೆಯ ಮೇಲೆ ಒಣಗಿ ಅಂಟಲು ಹೊತ್ತು ಸಿಗುತ್ತದೆ. ಹಿಂದಿನ ರಾತ್ರಿ ಕಂಡ ಹೊಳವು ಬೆಳಿಗ್ಗೆ ಎದ್ದಾಗಲೂ ಅಲ್ಲೇ ಇದೆಯೇ ಎಂದು ನೋಡಿಯೇ ಸುಣ್ಣ ಕಲಸಿ. ತೋಟದವರು ವಾಚ್ ಒಂದನ್ನೇ ನೆಚ್ಚಬಾರದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ, ವರುಣಮಿತ್ರ ಸಹಾಯವಾಣಿಯಲ್ಲಿ ನಿಮ್ಮ ಭಾಗದ ಮಾಹಿತಿ ಕನ್ನಡದಲ್ಲೇ ಸಿಗುತ್ತದೆ.

ವಾಚ್‌ಗೂ ಫೋನ್‌ಗೂ ತಾಳೆಯಾಗದಿದ್ದರೆ

ಮುನ್ಸೂಚನೆಯ ಮೂಲ ಕಂಪನಿಯಿಂದ ಕಂಪನಿಗೆ ಬೇರೆ. ಸ್ಯಾಮ್‌ಸಂಗ್ ವಾಚ್‌ಗಳಿಗೆ ದಿ ವೆದರ್ ಚಾನೆಲ್‌ನಿಂದ ಬರುತ್ತದೆ. ಆಪಲ್ 2020ರಲ್ಲಿ ಡಾರ್ಕ್ ಸ್ಕೈ ಎಂಬ ಸಂಸ್ಥೆಯನ್ನು ಕೊಂಡು, ತನ್ನದೇ ವ್ಯವಸ್ಥೆ ಕಟ್ಟಿಕೊಂಡಿತು. ಇವೆಲ್ಲದರ ಅಡಿಯಲ್ಲಿ ಭೂಮಿಯನ್ನು ಚೌಕಗಳಾಗಿ ಹೆಣೆದು ಲೆಕ್ಕ ಹಾಕುವ ಮಾದರಿಗಳಿವೆ. ಯುರೋಪಿನ ಮಾದರಿಯ ಚೌಕ ಸುಮಾರು 9 ಕಿ.ಮೀ.; 2025ರ ಮೇ ತಿಂಗಳಲ್ಲಿ ಆರಂಭವಾದ ನಮ್ಮ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನದು 6 ಕಿ.ಮೀ. ಪಶ್ಚಿಮಘಟ್ಟದಲ್ಲಿ 9 ಕಿ.ಮೀ. ಒಳಗೆ ಘಾಟಿಯ ನೆತ್ತಿಯೂ ಬುಡವೂ ಬಂದುಬಿಡುತ್ತವೆ. ಆಗುಂಬೆಗೂ ಸೋಮೇಶ್ವರಕ್ಕೂ ವಾಚ್ ಹೆಚ್ಚುಕಡಿಮೆ ಒಂದೇ ಮಳೆ ಹೇಳಿದರೆ ಇದು ಕಾರಣ.

ಇದಕ್ಕಿಂತ ಹೆಚ್ಚಾಗಿ ಆಗುವ ಎಡವಟ್ಟು ಹಳಸಿದ ಮಾಹಿತಿಯದು. ಸಿಮ್ ಇಲ್ಲದ ವಾಚ್ ಸಾಮಾನ್ಯವಾಗಿ ಫೋನ್‌ನಿಂದ ಹವಾಮಾನ ಪಡೆಯುತ್ತದೆ. ಫೋನ್ ದೂರವಾದರೆ ಕೊನೆಯ ಅಂಕಿಯೇ ಗಂಟೆಗಟ್ಟಲೆ ನಿಂತಿರುತ್ತದೆ. ಅಂಕಿ ಅನುಮಾನ ತಂದಾಗ ಹೀಗೆ ನೋಡಿ. ವಾಚ್‌ನ ಹವಾಮಾನ ಪುಟದ ಅಡಿಯಲ್ಲಿ ಅಪ್‌ಡೇಟ್ ಆದ ಹೊತ್ತು ಇರುತ್ತದೆ. ಎರಡು ಗಂಟೆಗಿಂತ ಹಳೆಯದಾದರೆ ಪುಟವನ್ನು ಕೆಳಗೆಳೆದು ಹೊಸದು ತರಿಸಿ. ಮೇಲೆ ಬರೆದಿರುವ ಊರು ನಿಮ್ಮದೇ ಏನು ನೋಡಿ. ಕಡಿಮೆ ಬೆಲೆಯ ವಾಚ್‌ಗಳಲ್ಲಿ ಮೊದಲ ಸಲ ಆರಿಸಿದ ಊರು ಹಾಗೇ ಉಳಿದಿರುತ್ತದೆ, ಶಿರಸಿಯಲ್ಲಿ ಕೂತವರಿಗೆ ಬೆಂಗಳೂರಿನ ಬಿಸಿಲು ಕಾಣುತ್ತಿರುತ್ತದೆ. ಊರೂ ತಪ್ಪಿದ್ದರೆ ಫೋನ್ ಸೆಟ್ಟಿಂಗ್ಸ್‌ನಲ್ಲಿ ವಾಚ್‌ನ ಆ್ಯಪ್‌ಗೆ ಲೊಕೇಷನ್ ಅನುಮತಿಯನ್ನು "ಯಾವಾಗಲೂ" ಎಂದು ಬದಲಿಸಿ. ಕೊನೆಗೆ ಅದೇ ಆ್ಯಪ್‌ಗೆ ಬ್ಯಾಟರಿ ಉಳಿತಾಯದ ನಿರ್ಬಂಧ ತೆಗೆಯಿರಿ. ಇದನ್ನು ಮರೆತರೆ ಫೋನ್ ಹಿನ್ನೆಲೆಯಲ್ಲಿ ಆ ಆ್ಯಪನ್ನು ಮುಚ್ಚಿಬಿಡುತ್ತದೆ, ನಾಳೆ ಬೆಳಿಗ್ಗೆ ವಾಚ್ ಮತ್ತೆ ನಿನ್ನೆಯ ಮಳೆಯನ್ನೇ ತೋರಿಸುತ್ತದೆ.